ಚಾಸಿಯ ತುಕ್ಕು, ಮಹದೇವನ ಹೆಸರು

ಹೋದ ತಿಂಗಳು ಒಂದು ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಮಂಡಿ ಮೊಹಲ್ಲಾದ ವರ್ಕ್‌ಶಾಪೊಂದರಲ್ಲಿ, ಒಂದು ಪಿಕಪ್ ಗಾಡಿಯ ಕೆಳಗೆ ಅಂಗಾತ ಮಲಗಿದ್ದೆ.

ಗಾಬರಿಯಾಗಬೇಡಿ. ಆಕ್ಸಿಡೆಂಟ್ ಏನೂ ಆಗಿರಲಿಲ್ಲ. ನಾನೇ ಹೋಗಿ ಮಲಗಿದ್ದು. ಬೆನ್ನಿನ ಕೆಳಗೆ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ ಹಾಸಿದ್ದರು. ಕೂದಲಿಗೆ ಗ್ರೀಸ್ ಮೆತ್ತಿಕೊಳ್ಳದಿರಲಿ ಅಂತ ತಲೆಗೆ ದುಪ್ಪಟ್ಟಾ ಸುತ್ತಿಕೊಂಡಿದ್ದೆ. ಯೋಗ ಕ್ಲಾಸಿನಲ್ಲಿ ಶವಾಸನ ಮಾಡಿ ಅಂದರೆ ಸೊಂಟ ನೋವು ಎನ್ನುವ ಐವತ್ಮೂರರ ಹೆಂಗಸು ನಾನು. ಅಲ್ಲಿ ಮಾತ್ರ ಹತ್ತು ನಿಮಿಷ ಅಲ್ಲಾಡಲಿಲ್ಲ.

ವೆಲ್ಡರ್ ನಯಾಜ್ ಸಾಹೇಬರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಪುಟ್ಟ ಸುತ್ತಿಗೆ ಹಿಡಿದು ಗಾಡಿಯ ಅಡಿಯ ಕಬ್ಬಿಣವನ್ನು ಬಡಿಯುತ್ತಾ ಬರುತ್ತಿದ್ದರು. ಟಣ್. ಟಣ್. ಟಣ್. ಆಮೇಲೆ, ಡಬ್.

"ಕೇಳಿಸ್ತಾ ಮೇಡಂ? ಇಲ್ಲೀವರ್ಗೂ ದನಿ ಚೆನ್ನಾಗಿತ್ತು. ಇಲ್ಲಿ ಸತ್ತೋಯ್ತು."

ಸ್ಕ್ರೂಡ್ರೈವರ್ ತೆಗೆದುಕೊಂಡು ಆ ಜಾಗಕ್ಕೆ ಮೆಲ್ಲಗೆ ಒತ್ತಿದರು. ಅದು ಒಳಗೆ ಹೋಯಿತು. ಕಬ್ಬಿಣದೊಳಗೆ! ಒಣಗಿದ ರೊಟ್ಟಿ ಮುರಿದ ಹಾಗೆ ತುಕ್ಕಿನ ಚೂರುಗಳು ನನ್ನ ಕನ್ನಡಕದ ಮೇಲೆ ಉದುರಿದವು.

ಆ ಗಾಡಿಯನ್ನು ನಾನು ಕೊಂಡು ಆರೇ ವಾರ ಆಗಿತ್ತು.

ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ನಾನು ನರ್ಸರಿ ನಡೆಸುವುದು ಈ ಅಂಕಣದ ಹಳೇ ಓದುಗರಿಗೆ ಗೊತ್ತು. (ದಾಸವಾಳಕ್ಕೆ ಬಿಳಿ ಹುಳು ಬಿದ್ದಿದೆ, ಏನು ಮಾಡಲಿ ಅಂತ ಪತ್ರ ಬರೆಯುವವರೇ, ಬೇವಿನೆಣ್ಣೆ ಹೊಡೆಯಿರಿ. ಹತ್ತನೇ ಸಲ ಹೇಳುತ್ತಿದ್ದೇನೆ.) ಗಿಡ, ಕುಂಡ, ಕೆಂಪು ಮಣ್ಣು, ಗೊಬ್ಬರ ಇವೆಲ್ಲ ಸ್ಕೂಟರಿನಲ್ಲಿ ಸಾಗುವ ಸರಕಲ್ಲ. ಹನ್ನೊಂದು ವರ್ಷದಿಂದ ಕುಂಬಾರಕೊಪ್ಪಲಿನ ಮಹದೇವ ತನ್ನ ಪಿಕಪ್‌ನಲ್ಲಿ ಬಾಡಿಗೆಗೆ ಸಾಗಿಸಿಕೊಡುತ್ತಿದ್ದ. ನನಗಿಂತ ಹದಿನೈದು ವರ್ಷ ಚಿಕ್ಕವನು. ನನ್ನನ್ನು ಅಕ್ಕ ಅನ್ನುತ್ತಾನೆ. ಅಷ್ಟು ವರ್ಷದಲ್ಲಿ ಒಂದೇ ಒಂದು ಕುಂಡ ಒಡೆದಿದ್ದಾನೆ, ಅದನ್ನೂ ನಾನು ಕೇಳುವ ಮುಂಚೆ ಅವನೇ ಹೇಳಿದ್ದ.

ದಸರಾ ಮುಗಿದ ಮೇಲೆ ಮಹದೇವ ದೊಡ್ಡ ಗಾಡಿ ತೆಗೆದುಕೊಂಡ. ಹಳೆಯದನ್ನು ಮಾರಿಬಿಡುತ್ತೇನೆ ಅಂದ. ನನಗೆ ಅದೇನಾಯಿತೋ, "ನಾನೇ ತಗೋತೀನಿ" ಅಂದುಬಿಟ್ಟೆ.

"ನೀವು ಓಡುಸ್ತೀರಾ ಅಕ್ಕ?"

"ಯಾಕೆ, ಕಾರು ಓಡಿಸಲ್ವಾ? ಇದು ಹಿಂದಕ್ಕೆ ಸ್ವಲ್ಪ ಉದ್ದ, ಅಷ್ಟೇ ತಾನೆ?"

ಅವನು ನಕ್ಕ. ಆಮೇಲೆ ಗಾಡಿಯ ಗುಣಾವಗುಣಗಳನ್ನೆಲ್ಲ ಒಪ್ಪಿಸಿದ. "ಇಂಜಿನ್ ಬೆಳಗ್ಗೆ ವತ್ತು ಸ್ವಲ್ಪ ಒಗೆ ಬುಡ್ತದೆ, ಏಳ್ಬುಡ್ತೀನಿ. ಎಡಗಡೆ ಬಾಗ್ಲು ಎರಡ್ ಸಲ ಆಕ್ಬೇಕು. ಆದ್ರೆ ಚಾಸಿ ಮಾತ್ರ ಗಟ್ಟಿ ಕಣಕ್ಕ. ಅದುಕ್ಕೆ ನಾನು ಗ್ಯಾರಂಟಿ."

ಚಾಸಿ ಅಂದರೆ ಗೊತ್ತಲ್ಲ? ಗಾಡಿಯ ಅಡಿಯಲ್ಲಿ ಮುಂದಿನಿಂದ ಹಿಂದಿನವರೆಗೆ ಹಾಯುವ ಎರಡು ಕಬ್ಬಿಣದ ತೊಲೆ. ಇಂಜಿನ್ನು, ಕ್ಯಾಬಿನ್ನು, ಲೋಡು ಎಲ್ಲ ಕೂತಿರುವುದು ಅದರ ಮೇಲೆಯೇ. ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಚಾಸಿ ಮುರಿದರೆ ಗಾಡಿ ಎರಡಾಗುತ್ತದೆ. ಅದೂ ಓಡುತ್ತಿರುವಾಗ.

ನಾನೂ ಬಗ್ಗಿ ನೋಡಿದೆ. ಕೆಳಗೆಲ್ಲ ಹೊಸ ಕಪ್ಪು ಪೇಂಟು ಮಿರಮಿರ ಮಿಂಚುತ್ತಿತ್ತು. ಮೆಚ್ಚಿಕೊಂಡೆ.

"ಬಗ್ಗಿ ನೋಡಿದ್ರೆ ಸಾಲ್ದು. ಒಬ್ಬ ಮೆಕ್ಯಾನಿಕ್ ಹತ್ರ ತೋರಿಸು" ಅಂದರು ನನ್ನ ಗಂಡ.

"ಮಹದೇವನ ಗಾಡೀನ ತೋರಿಸೋದಾ? ಅವನೇನಂದ್ಕೋತಾನೆ!" ಅಂದೆ. ನೋಡಿ, ನಮ್ಮ ಊರಿನ ಸಂಕೋಚ ಅಂದರೆ ಇದು. ಟೊಮೆಟೊ ಕೊಳ್ಳುವಾಗ ಒಂದೊಂದನ್ನೂ ಒತ್ತಿ ನೋಡುತ್ತೇವೆ. ಗುರುತಿನವರ ಹತ್ತಿರ ಗಾಡಿ ಕೊಳ್ಳುವಾಗ ಬಾನೆಟ್ ಎತ್ತಿ ನೋಡುವುದಕ್ಕೂ ನಾಚಿಕೆ.

ಆ ಆರು ವಾರ ನಾನು ಎಷ್ಟು ಸುಖವಾಗಿದ್ದೆ ಅಂದರೆ, ಹೇಳಿಕೊಳ್ಳಲು ಮುಜುಗರವಾಗುತ್ತದೆ. ನಮ್ಮದು ಅರಮನೆಯ ಕಚೇರಿಯಲ್ಲಿ ಅರ್ಜಿ, ಆದೇಶ ಬರೆದ ತಾತ, ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿದ ಅಪ್ಪ ಇದ್ದ ಮನೆತನ. ಗೂಡ್ಸ್ ಗಾಡಿಯ ಸ್ಟೀರಿಂಗ್ ಹಿಡಿದವಳು ನಾನೇ ಮೊದಲು. ಸಿಗ್ನಲ್ಲಿನಲ್ಲಿ ಕಾರಿನವರನ್ನೆಲ್ಲ ಮೇಲಿನಿಂದ ನೋಡುವುದಿದೆಯಲ್ಲ, ಆ ಎತ್ತರ ಬೇರೆ. ಒಬ್ಬ ಆಟೋದವರು "ಆಂಟಿ, ಇಂಡಿಕೇಟರ್ ಆಫ್ ಮಾಡಿ" ಅಂದರು. ಎರಡು ಕಿಲೋಮೀಟರಿನಿಂದ ಅದು ಮಿಣುಗುತ್ತಲೇ ಇತ್ತಂತೆ.

ಆಮೇಲೆ ಆ ಸದ್ದು ಶುರುವಾಯಿತು. ಚಾಮುಂಡಿ ಬೆಟ್ಟದ ಮೇಲಿನ ಅಂಗಡಿಯವರೊಬ್ಬರಿಗೆ ಸೇವಂತಿಗೆ ಕುಂಡಗಳನ್ನು ಇಳಿಸಿ ವಾಪಸ್ಸು ಬರುತ್ತಿದ್ದೆ. ತಿರುವಿನಲ್ಲಿ ನನ್ನ ಬೆನ್ನ ಹಿಂದೆ ಕಟ್ ಅಂದಿತು. ಮುಂದಿನ ತಿರುವಿನಲ್ಲಿ ಮತ್ತೆ ಕಟ್. ಮನೆಯ ಹತ್ತಿರ ಹಂಪ್ ಹತ್ತಿಸಿದಾಗಲೂ ಕಟ್. ಹಾಗೆ ನಾನು ನಯಾಜ್ ಸಾಹೇಬರ ವರ್ಕ್‌ಶಾಪಿಗೆ ಬಂದಿದ್ದು, ಕೆಳಗೆ ಮಲಗಿದ್ದು, ಸ್ಕ್ರೂಡ್ರೈವರ್ ಒಳಗೆ ಹೋಗುವುದನ್ನು ನೋಡಿದ್ದು.

"ಗಾಡಿ ಇಲ್ಲೇ ಬಿಡಿ ಮೇಡಂ. ಓಡಿಸ್ಬೇಡಿ. ಹಿಂದಿನ ಬಾಡಿ ಬಿಚ್ಚಿ ಎತ್ತಿದ ಮೇಲೆ ಎಷ್ಟು ತಿಂದಿದೆ ಅಂತ ಗೊತ್ತಾಗೋದು. ಶುಕ್ರವಾರ ಬನ್ನಿ."

"ಅಲ್ಲಾ, ಹೊಸ ಪೇಂಟ್ ಹೊಡ್ದಿದಾರಲ್ಲ, ತುಕ್ಕು ಮುಚ್ಚೋಕೆ ತಾನೆ?"

"ಆಯುಧಪೂಜೆಗೆ ಎಲ್ರೂ ಹೊಡೀತಾರೆ ಮೇಡಂ" ಅಂದರು ಅವರು.

ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ತೀರ್ಪು ಆಗಿಹೋಗಿತ್ತು. ಮಹದೇವ ಮೋಸ ಮಾಡಿದ. ತೂತು ಬಿದ್ದ ಚಾಸಿಗೆ ಪೇಂಟು ಬಳಿದು, ಅಕ್ಕ ಅಕ್ಕ ಅನ್ನುತ್ತಲೇ ನನ್ನ ತಲೆಗೆ ಕಟ್ಟಿದ.

ಬುಧವಾರದಿಂದ ಶುಕ್ರವಾರದವರೆಗೆ ಎರಡು ದಿನ ಸಿಕ್ಕಿತಲ್ಲ, ಆ ಎರಡು ದಿನದಲ್ಲಿ ನಾನು ಏನು ಮಾಡಿದೆ? ಮಹದೇವನಿಗೆ ಒಂದು ಫೋನ್ ಮಾಡಿದೆನೇ? ಇಲ್ಲ. ಅವನೊಬ್ಬನನ್ನು ಬಿಟ್ಟು ಇನ್ನೆಲ್ಲರಿಗೂ ಹೇಳಿದೆ.

ಹಾಲಿನ ಬೂತಿನಲ್ಲಿ ಹೇಳಿದೆ. ತಂಗಿಗೆ ಫೋನ್ ಮಾಡಿ ಮುಕ್ಕಾಲು ಗಂಟೆ ಹೇಳಿದೆ. ಬೆಳಗಿನ ವಾಕಿಂಗ್ ಗುಂಪಿನಲ್ಲಿ ಒಂದು ಸುತ್ತು ಪೂರ್ತಿ ಅದೇ ವಿಷಯ. ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿಗೆ ತೂತಿನ ಫೋಟೋ ಹಾಕಿ, "ಹನ್ನೊಂದು ವರ್ಷ ನಂಬಿದ್ದಕ್ಕೆ ಇದು ಬಹುಮಾನ" ಅಂತ ಬರೆದೆ. ಮಹದೇವನ ಹೆಸರನ್ನೂ ಹಾಕಿದೆ. ಇಪ್ಪತ್ತಾರು ಜನ ಕೆಂಪು ಮುಖದ ಎಮೋಜಿ ಕಳಿಸಿದರು. ನಿಜ ಹೇಳಲೇ? ಹಿತವಾಗಿತ್ತು. ನಾನು ಬರೆದ ಯಾವ ಅಂಕಣಕ್ಕೂ ಅಷ್ಟು ಪ್ರತಿಕ್ರಿಯೆ ಬಂದಿಲ್ಲ.

ಹೇಳುತ್ತಾ ಹೇಳುತ್ತಾ ಕಥೆಯೂ ಕೊಬ್ಬಿತು. ಹಾಲಿನ ಬೂತಿನಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋಗಿತ್ತು. ವಾಕಿಂಗಿನಲ್ಲಿ ನನ್ನ ಬೆರಳು ಹೋಯಿತು. ತಂಗಿಗೆ ಹೇಳುವ ಹೊತ್ತಿಗೆ ಮುಷ್ಟಿಯೇ ಹೋಗಿಬಿಟ್ಟಿತ್ತು!

ವಾಕಿಂಗ್ ಗುಂಪಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿಯೂ ಇದ್ದಾರೆ. ಅವರ ಅಪಾರ್ಟ್‌ಮೆಂಟಿನ ತೋಟದ ಕಸ, ಕತ್ತರಿಸಿದ ಕೊಂಬೆಗಳನ್ನು ಪ್ರತಿ ಶನಿವಾರ ಸಾಗಿಸುವವನು ಮಹದೇವ. ಅವನಿಗೆ ಕೈ ಹಿಡಿದಿರುವ ಖಾಯಂ ಬಾಡಿಗೆ ಅದೊಂದೇ. ಆ ಕೆಲಸ ಕೊಡಿಸಿದವಳೂ ನಾನೇ. ಸೆಕ್ರೆಟರಿ ಎಲ್ಲ ಕೇಳಿಸಿಕೊಂಡು, "ಹೌದಾ?" ಅಂತ ಒಂದೇ ಮಾತು ಅಂದರು. ನಾನು ಮುಂದಿನ ಸುತ್ತಿಗೆ ಹೊರಟೆ.

ಶುಕ್ರವಾರ ವರ್ಕ್‌ಶಾಪಿಗೆ ಹೋದಾಗ ಗಾಡಿಯ ಹಿಂದಿನ ಬಾಡಿಯನ್ನು ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು. ಚಾಸಿ ಬಯಲಾಗಿತ್ತು. ಆಗ ಮಹದೇವನಿಗೆ ಫೋನ್ ಮಾಡಿದೆ.

"ನೀವು ತಕ್ಷಣ ಮಂಡಿ ಮೊಹಲ್ಲಾಗೆ ಬರಬೇಕು."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ 'ನೀವು' ಅಂದೆ. ನಮ್ಮ ಮೈಸೂರಿನವರಿಗೆ ಕೋಪ ಬಂದರೆ ಮರ್ಯಾದೆ ಜಾಸ್ತಿಯಾಗುತ್ತದೆ. "ಬಂದೆ ಅಕ್ಕ" ಅಂದ.

ಅರ್ಧ ಗಂಟೆಯಲ್ಲಿ ಬಂದ. ತೂತು ತೋರಿಸಿದೆ. ಮಂಡಿಯೂರಿ ಕೂತು ಕೈಯಿಟ್ಟು ನೋಡಿದ. ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಯಾರು ಮಾಡಿಕೊಂಡು ಬಂದಿದ್ದ ಭಾಷಣ ಶುರುಮಾಡಿದೆ. ನಂಬಿಕೆ, ಪ್ರಾಣ, ಬೆಟ್ಟದ ತಿರುವು, ನನಗೇನಾದರೂ ಆಗಿದ್ದರೆ... ಎಲ್ಲ ಇತ್ತು ಅದರಲ್ಲಿ.

"ಮೇಡಂ, ಒಂದ್ನಿಮಿಷ ಸುಮ್ನಿರಿ" ಅಂದರು ನಯಾಜ್ ಸಾಹೇಬರು.

ಕ್ಯಾಬಿನ್ನಿಗೂ ಹಿಂದಿನ ಬಾಡಿಗೂ ನಡುವೆ ಅಂಗೈ ಅಗಲದ ಒಂದು ಸಂದು ಇರುತ್ತದೆ. ಆ ಸಂದಿನ ಕೆಳಗೆ, ಚಾಸಿಯ ಮೇಲ್ಭಾಗದಲ್ಲಿ ಹೋಗುವ ವೈರ್‌ಗೆ ಏನೋ ಕಟ್ಟಿತ್ತು. ಒಂದಲ್ಲ, ಎಂಟೊಂಬತ್ತು ಬಟ್ಟೆ ಗಂಟುಗಳು, ಒಂದರ ಮೇಲೊಂದು. ಗ್ರೀಸು, ದೂಳು ಮೆತ್ತಿ ಕರ್ರಗಾಗಿದ್ದವು. ತೂತು ಬಿದ್ದಿದ್ದು ಸರಿಯಾಗಿ ಅವುಗಳ ಕೆಳಗೆ. ಸಾಹೇಬರು ಒಂದನ್ನು ಚಾಕುವಿನಿಂದ ಕುಯ್ದು ಬಿಡಿಸಿದರು. ಒಳಗೆ ಒದ್ದೆಯಾದ ಬೂದು ಬಣ್ಣದ ಮುದ್ದೆ, ಒಂದು ಒಣಮೆಣಸಿನಕಾಯಿಯ ತೊಟ್ಟು. ಮುದ್ದೆಯನ್ನು ಬೆರಳ ತುದಿಗೆ ತಗುಲಿಸಿ ನಾಲಿಗೆಗೆ ಮುಟ್ಟಿಸಿದರು.

"ಉಪ್ಪು. ಕಲ್ಲುಪ್ಪು."

ಮಹದೇವ ಆ ಬಟ್ಟೆಯ ಚೂರನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿದ. ಒಳಗಿನಿಂದ ಕೆಂಪು ಬಣ್ಣ ಕಾಣಿಸಿತು.

"ಅವ್ವನ ಸೀರೆ ಇದು" ಅಂದ.

ಅವನ ತಾಯಿ ಸಿದ್ದಮ್ಮ ಪ್ರತಿ ಅಮಾವಾಸ್ಯೆ ಬೆಳಿಗ್ಗೆ, ಅವನು ಏಳುವ ಮುಂಚೆ, ಗಾಡಿಗೆ ದೃಷ್ಟಿ ತೆಗೆಯುತ್ತಿದ್ದರಂತೆ. "ನಿಂಬೆಅಣ್ಣು ನೀವಾಳ್ಸಿ ಬಿಸಾಕ್ತಾಳೆ ಅಂದ್ಕಂಡಿದ್ದೆ ಅಕ್ಕ. ಇದ ಕಟ್ತಿದ್ಲು ಅಂತ ನನ್ನಾಣೆಗೂ ಗೊತ್ತಿಲ್ಲ."

ಮಳೆ ಬಂದಾಗಲೆಲ್ಲ ಉಪ್ಪು ಕರಗಿದೆ. ಉಪ್ಪುನೀರು ಚಾಸಿಯ ಒಳಗೆ ಇಳಿದಿದೆ. ಹನ್ನೊಂದು ಮಳೆಗಾಲ. ಸಾಹೇಬರು ಸುತ್ತಿಗೆ ಹಿಡಿದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಆ ಒಂದು ಗೇಣು ಜಾಗ ಬಿಟ್ಟು ಉಳಿದೆಲ್ಲ ಕಡೆ ಟಣ್ ಟಣ್.

"ನೋಡಿ ಮೇಡಂ, ಬಾಕಿ ಎಲ್ಲೂ ಒಂದು ಚುಕ್ಕಿ ಇಲ್ಲ. ವರ್ಷಾವರ್ಷ ಪೇಂಟ್ ಹೊಡ್ದು ಚೆನ್ನಾಗಿ ಇಟ್ಕೊಂಡಿದಾರೆ. ಇವ್ರು ಗಟ್ಟಿ ಅಂದಿದ್ರಲ್ಲಿ ಸುಳ್ಳೇನಿಲ್ಲ."

ನನ್ನ ಭಾಷಣದ ಉಳಿದರ್ಧವನ್ನು ಅಲ್ಲಿಗೇ ಕೈಬಿಟ್ಟೆ.

ಮಹದೇವ ಎದ್ದು ನಿಂತು ಕೈ ಒರೆಸಿಕೊಂಡ. "ಅಕ್ಕ, ನೆನ್ನೆ ಅಪಾರ್ಟ್‌ಮೆಂಟ್ನೋರು ಫೋನ್ ಮಾಡಿ ಇನ್ನು ಶನಿವಾರ ಬರಬ್ಯಾಡ ಅಂದ್ರು. ಯಾಕೆ ಅಂತ ಏಳ್ಲಿಲ್ಲ. ಇದುಕ್ಕೇನಾ?"

ನಾನು ತಲೆಯಾಡಿಸಿದೆ. ಬೇರೇನು ಮಾಡಲಿ?

"ನಂಗೊಂದ್ ಫೋನ್ ಮಾಡ್ಬೋದಿತ್ತಲ್ಲಕ್ಕ" ಅಂದ.

ಕೂಗಾಡಿದ್ದರೆ ನಾನೂ ಎರಡು ಮಾತು ಹೇಳಿ ಸಮ ಮಾಡಿಕೊಳ್ಳುತ್ತಿದ್ದೆ. ಅವನು ಕೂಗಲಿಲ್ಲ. ನನಗೆ ನಾಚಿಕೆಯಾಯಿತು. ತಪ್ಪಾಯಿತು ಮಹದೇವ ಅಂದೆ. ಮೊಮ್ಮಕ್ಕಳು ಬರುವ ವಯಸ್ಸಿನಲ್ಲಿ ಆ ಮಾತನ್ನು ಎಷ್ಟು ವರ್ಷದ ಮೇಲೆ ಹೇಳಿದೆನೋ, ನಾಲಿಗೆಗೆ ಅಭ್ಯಾಸ ತಪ್ಪಿಹೋಗಿತ್ತು.

ಇಬ್ಬರೂ ಅವನ ಹೊಸ ಗಾಡಿಯಲ್ಲೇ ಕುಂಬಾರಕೊಪ್ಪಲಿಗೆ ಹೋದೆವು. ಸಿದ್ದಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಗಂಟು ತೋರಿಸಿದಾಗ ಮುಖದಲ್ಲಿ ಅಳುಕು ಇರಲಿ, ಹೆಮ್ಮೆಯೇ ಕಂಡಿತು.

"ನಾನೇ ಕಣವ್ವ ಕಟ್ಟಿದ್ದು. ಕಟ್ದೆ ಎಂಗಿರಾದು? ಗಾಡಿ ಬಂದಾಗ ಬೀದೀಲಿ ಒಂದ್ ಕಣ್ಣಾ, ಎರಡ್ ಕಣ್ಣಾ?"

"ಹಳೇ ಗಂಟನ್ನ ಯಾಕೆ ತೆಗೀಲಿಲ್ಲ ಸಿದ್ದಮ್ಮ?"

"ತೆಗೀಬಾರ್ದು. ತಾನಾಗೇ ಬೀಳ್ಬೇಕು."

"ಅವ್ವ, ನಿನ್ನುಪ್ಪಿಂದ ಚಾಸಿ ತೂತ್ ಬಿದ್ದೋಗದೆ" ಅಂದ ಮಹದೇವ.

ಸಿದ್ದಮ್ಮನ ಕೈ ನಿಲ್ಲಲಿಲ್ಲ. ಇನ್ನೆರಡು ಕಾಯಿ ಬಿಡಿಸಿದರು. ಆಮೇಲೆ ಮಗನನ್ನು ನೋಡಿದರು.

"ನೋಡ್ದಾ ಮತ್ತೆ, ಎಂಥಾ ಕಣ್ ಬಿದ್ದಿತ್ತು ಅಂತ! ಕಬ್ಬುಣನೇ ತಿಂದ್ಬುಟ್ಟದೆ. ನಿನ್ ಮ್ಯಾಲೆ ಬಿದ್ದಿದ್ರೆ ಏನ್ಲಾ ಗತಿ?"

ಇದಕ್ಕೆ ಉತ್ತರ ನಮ್ಮಪ್ಪನ ತರ್ಕಶಾಸ್ತ್ರದಲ್ಲೂ ಇರಲಿಲ್ಲ ಬಿಡಿ. ಮಹದೇವ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಇದ್ದಕ್ಕಿದ್ದಂತೆ ಅವನಿಗೆ ಏನೋ ಹೊಳೆದು ಹೊಸ ಗಾಡಿಯ ಹತ್ತಿರ ಓಡಿದ. ಸಂದಿನಲ್ಲಿ ಕೈ ಹಾಕಿದ. ಎರಡು ಗಂಟು ಸಿಕ್ಕಿದವು. ಗಾಡಿ ಬಂದು ಎರಡು ಅಮಾವಾಸ್ಯೆ ಕಳೆದಿತ್ತು, ಲೆಕ್ಕ ಸರಿಯಾಗಿಯೇ ಇತ್ತು.

ಮಾತುಕತೆ ನಡೆಯಿತು. ಉಪ್ಪನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕ್ಯಾಬಿನ್ನಿನ ಒಳಗೆ ಇಡಬಹುದೇ ಅಂತ ಕೇಳಿದೆವು. ಸಿದ್ದಮ್ಮ ಬಹಳ ಹೊತ್ತು ಯೋಚಿಸಿ, "ಕಣ್ಣು ಪ್ಲಾಸ್ಟಿಕ್ಕೊಳೀಕೆ ಓಯ್ತದಾ?" ಅಂದರು. "ಧಾರಾಳವಾಗಿ ಹೋಗುತ್ತೆ" ಅಂತ ನಾನು ತಜ್ಞಳ ಹಾಗೆ ಹೇಳಿದೆ. ಒಪ್ಪಿದರು. ಹೊರಡುವಾಗ ನನ್ನ ಮಡಿಲಿಗೆ ಒಂದು ಸೇರು ಅವರೆಕಾಳು ಸುರಿದರು. ಮಗನ ಹೆಸರು ಕೆಡಿಸಿದವಳು ಇವಳೇ ಅಂತ ಅವರಿಗೆ ಗೊತ್ತಿರಲಿಲ್ಲ. ಮಹದೇವ ಹೇಳಲೂ ಇಲ್ಲ.

ಗಾಡಿಯ ವಿಷಯ ಸುಲಭವಾಗಿ ಮುಗಿಯಿತು. ನಯಾಜ್ ಸಾಹೇಬರು ಕೊಳೆತ ಕಬ್ಬಿಣವನ್ನು ಗಟ್ಟಿ ಜಾಗ ಸಿಗುವವರೆಗೂ ಕತ್ತರಿಸಿ ತೆಗೆದರು. ಅಷ್ಟೇ ದಪ್ಪದ ಹೊಸ ಪ್ಲೇಟು ಕೂರಿಸಿ, ಕಾವಿಗೆ ಚಾಸಿ ಸೊಟ್ಟಗಾಗದಿರಲಿ ಅಂತ ಸ್ವಲ್ಪ ಸ್ವಲ್ಪವೇ ವೆಲ್ಡ್ ಮಾಡಿದರು. ಮೂರು ದಿನ ಹಿಡಿಯಿತು. ಅವಸರ ಮಾಡಿದರೆ ಟೀ ತರಿಸಿ ಕೂರಿಸುತ್ತಿದ್ದರು. ಖರ್ಚು ತನ್ನದೇ ಅಂತ ಮಹದೇವ ಹಟ ಹಿಡಿದ, ನಾನೂ ಹಟ ಹಿಡಿದೆ, ಕೊನೆಗೆ ಅರ್ಧರ್ಧ ಅಂತಾಯಿತು. ಕೆಲಸ ಮುಗಿದ ದಿನ ಸಾಹೇಬರು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, "ನೀವೇ ಹೊಡ್ದು ನೋಡಿ" ಅಂದರು. ಹೊಡೆದೆ. ಟಣ್! ಅಷ್ಟು ಖುಷಿ ಯಾವ ಸಂಗೀತ ಕಚೇರಿಯಲ್ಲೂ ಆಗಿರಲಿಲ್ಲ. ಈಗ ಬೆಟ್ಟಕ್ಕೆ ಮತ್ತೆ ಎರಡು ಲೋಡು ಹೋಗಿ ಬಂದಿದ್ದೇನೆ. ಸದ್ದಿಲ್ಲ. ಮಹದೇವ ನನಗೆ ರಿವರ್ಸ್ ಪಾರ್ಕಿಂಗ್ ಹೇಳಿಕೊಡುತ್ತಿದ್ದಾನೆ, ಬೈಯುತ್ತಲೂ ಇದ್ದಾನೆ. ಬೈಗುಳ ಕೇಳಿ ನೆಮ್ಮದಿಯಾಗಿದೆ.

ಆದರೆ ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ, ಅದನ್ನೇನು ಮಾಡುವುದು?

ಯಾರ್ಯಾರಿಗೆ ಹೇಳಿದ್ದೆನೋ ಅವರನ್ನೆಲ್ಲ ಹುಡುಕಿಕೊಂಡು ಹೊರಟೆ. ಹಾಲಿನ ಬೂತಿನಲ್ಲಿ ಉಪ್ಪಿನ ಕಥೆ ಅರ್ಧ ಹೇಳುವಷ್ಟರಲ್ಲಿ ಅವರಿಗೆ ಚಿಲ್ಲರೆ ಕೊಡುವ ಕೆಲಸ ಬಂತು. ತಂಗಿ, "ಅಯ್ಯೋ ಹೌದಾ? ಒಲೆ ಮೇಲೆ ಹಾಲಿದೆ ಕಣೇ" ಅಂತ ಎರಡೇ ನಿಮಿಷಕ್ಕೆ ಫೋನ್ ಇಟ್ಟಳು. ಮುಕ್ಕಾಲು ಗಂಟೆ ಕೇಳಿದ ಕಿವಿ ಅದೇ! ವಾಕಿಂಗ್ ಗುಂಪಿನವರು ಸಹನೆಯಿಂದ ಕೇಳಿ, "ನೀವು ಒಳ್ಳೆಯವರು ಮೇಡಂ, ಬೇಗ ನಂಬಿಬಿಡ್ತೀರ" ಅಂದರು. ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ತಪ್ಪೊಪ್ಪಿಗೆ ಬರೆದು ಹಾಕಿದೆ. ಒಂದೇ ಒಂದು ಹೆಬ್ಬೆರಳು ಬಂತು. ಅದು ನನ್ನ ಗಂಡನದು.

ಅಪಾರ್ಟ್‌ಮೆಂಟಿನ ಸೆಕ್ರೆಟರಿಯನ್ನು ಅವರ ಆಫೀಸಿಗೇ ಹೋಗಿ ನೋಡಿದೆ. "ಅದೆಲ್ಲ ಸರಿ ಮೇಡಂ. ಆದ್ರೆ ಕಮಿಟೀಲಿ ಆಗ್ಲೇ ಮಾತಾಡ್ಬಿಟ್ಟಿದೀವಿ. ಈಗ ಬೇಕು ಅಂದ್ರೆ ಮತ್ತೆ ಮೀಟಿಂಗ್ ಕರೀಬೇಕು" ಅಂದರು. ತೆಗೆದುಹಾಕುವುದಕ್ಕೆ ಒಂದು ಸುತ್ತು ವಾಕಿಂಗ್ ಸಾಕಾಗಿತ್ತು. ವಾಪಸ್ಸು ಸೇರಿಸಿಕೊಳ್ಳುವುದಕ್ಕೆ ಕೋರಂ ಬೇಕಂತೆ. ಆ ಮೀಟಿಂಗ್ ಮುಂದಿನ ಭಾನುವಾರ ಇದೆ. ನಾನೂ ಹೋಗುತ್ತೇನೆ, ಕರೆಯಲಿ ಬಿಡಲಿ.

ಮೊನ್ನೆ ಇನ್ನೊಂದಾಯಿತು. ತರಕಾರಿ ಗಾಡಿಯ ಹತ್ತಿರ ಹುರುಳಿಕಾಯಿ ಆರಿಸುತ್ತಿದ್ದೆ. ಪರಿಚಯವಿಲ್ಲದ ಹೆಂಗಸೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು. "ಬೆಟ್ಟದ ರಸ್ತೇಲಿ ಪಿಕಪ್ ಎರಡು ತುಂಡಾಯ್ತಂತೆ ಕಣ್ರೀ. ಕುಂಬಾರಕೊಪ್ಪಲಿನ ಮಹದೇವ ಅಂತ, ಅವನು ಮಾರಿದ್ದಂತೆ. ಓಡಿಸ್ತಿದ್ದ ಹೆಂಗಸು ಉಳಿದಿದ್ದೇ ಹೆಚ್ಚು."

"ಆ ಹೆಂಗಸು ನಾನೇ. ಗಾಡಿ ಅಲ್ಲಿ ನಿಂತಿದೆ ನೋಡಿ, ಒಂದೇ ತುಂಡಾಗಿದೆ" ಅಂದೆ. ಅವರು ಗಾಡಿಯನ್ನೂ ನನ್ನನ್ನೂ ಒಂದು ಸಲ ನೋಡಿದರು. "ಇದಲ್ಲ ಬಿಡಿ, ಅದು ಬೇರೆ ಇರಬೇಕು" ಅಂದು ಬದನೆಕಾಯಿ ಆರಿಸತೊಡಗಿದರು.

ಅದಕ್ಕೇ ಈ ವಾರದ ಜಾಗವನ್ನು ಪೂರ್ತಿ ಇದಕ್ಕೇ ಬಳಸಿಕೊಂಡೆ. ಕುಂಬಾರಕೊಪ್ಪಲಿನ ಮಹದೇವ ನನಗೆ ಮೋಸ ಮಾಡಲಿಲ್ಲ. ಚಾಸಿ ಗಟ್ಟಿ ಇದೆ ಅಂತ ಅವನು ಹೇಳಿದ್ದು ನಂಬಿಯೇ ಹೇಳಿದ್ದು. ಕೇಳದೆ, ವಿಚಾರಿಸದೆ ಅವನ ಹೆಸರು ಕೆಡಿಸಿದವಳು ನಾನು.

ಇದನ್ನು ಇವತ್ತು ನೀವು ಎಷ್ಟು ಜನಕ್ಕೆ ಹೇಳುತ್ತೀರಿ?